ಸುಣ್ಣ ಸುಟ್ಟ ಕಣ್ಣಿಗೆ ಹುಡುಗನ ಕಾರ್ನಿಯಾ

ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಕೊತಕೊತ ಕುದಿಯುವುದನ್ನು ಹಳ್ಳಿಯಲ್ಲಿ ಬೆಳೆದವರು ನೋಡಿರುತ್ತೀರಿ. ಮಕ್ಕಳನ್ನು ದೂರ ಅಟ್ಟಿ ದೊಡ್ಡವರು ಆ ಕೆಲಸಕ್ಕೆ ಇಳಿಯುತ್ತಿದ್ದರು. ಇಂದಿನ ಚೆಕ್ ಗಣರಾಜ್ಯಕ್ಕೆ ಸೇರಿದ ಮೊರಾವಿಯಾದ ಕೂಲಿಯಾಳು ಅಲೋಯಿಸ್ ಗ್ಲೋಗರ್ ಸುಣ್ಣದ ಕೆಲಸದಲ್ಲೇ ಎರಡೂ ಕಣ್ಣು ಸುಟ್ಟುಕೊಂಡ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಕಣ್ಣಿಗೆ ಹೂವು ಬಿತ್ತು.

ಹೂವು ಬೀಳುವುದು ಕಾರ್ನಿಯಾದ ಮೇಲೆ. ಗಡಿಯಾರದ ಗಾಜಿನಂತೆ ಕಣ್ಣಿನ ಮುಂದೆ ಕೂತಿರುವ ಈ ಪೊರೆಯ ದಪ್ಪ ನಡುಭಾಗದಲ್ಲಿ ಅರ್ಧ ಮಿಲಿಮೀಟರ್‌ ಆಸುಪಾಸು. ಅದರಲ್ಲಿ ರಕ್ತನಾಳಗಳಿಲ್ಲ. ಕೊಲಾಜೆನ್ ಎಳೆಗಳು ಮಗ್ಗದ ಹಾಸಿನಂತೆ ಸಮನಾಗಿ ಕೂತಿರುತ್ತವೆ, ಒಳಗಿನ ಒಂದು ಸಾಲು ಜೀವಕೋಶಗಳು ಹೆಚ್ಚಾದ ನೀರನ್ನು ಸದಾ ಹೊರಹಾಕುತ್ತಿರುತ್ತವೆ. ಅದಕ್ಕೇ ಬೆಳಕು ತಡೆಯಿಲ್ಲದೆ ಹಾಯುತ್ತದೆ. ಆಮ್ಲ ಬಿದ್ದರೆ ಮೇಲ್ಪದರ ಹೆಪ್ಪುಗಟ್ಟಿ ಒಂದಿಷ್ಟು ಅಡ್ಡಗಟ್ಟೆಯಾಗುತ್ತದೆ. ಸುಣ್ಣ ಹಾಗಲ್ಲ, ಜೀವಕೋಶದ ಕೊಬ್ಬನ್ನೇ ಕರಗಿಸಿ ಆಳಕ್ಕಿಳಿಯುತ್ತದೆ. ಗಾಯ ಮಾಯುವಾಗ ಎಳೆಗಳು ಅಡ್ಡಾದಿಡ್ಡಿ ಬೆಳೆದು, ರಕ್ತನಾಳ ನುಗ್ಗಿ, ಗಾಜು ಇದ್ದಲ್ಲಿ ಗೋಡೆ ಏಳುತ್ತದೆ. ಔಷಧಿಯಿಂದ ಆ ಗೋಡೆ ಕರಗುವುದಿಲ್ಲ.

ಪ್ರಾಣಿಗಳ ಕಾರ್ನಿಯಾವನ್ನು ಮನುಷ್ಯರಿಗೆ ಕೂರಿಸುವ ಪ್ರಯತ್ನಗಳು ಹತ್ತೊಂಬತ್ತನೇ ಶತಮಾನದಲ್ಲಿ ನಡೆದಿದ್ದವು. ಬಹುತೇಕ ಮಂಜಾಗಿಯೇ ಮುಗಿದವು. ಓಲೊಮೌಟ್ಸ್ ಊರಿನ ವೈದ್ಯ ಎಡ್ವರ್ಡ್ ಜಿರ್ಮ್ ಬಳಿಗೆ ಹನ್ನೊಂದು ವರ್ಷದ ಹುಡುಗನೊಬ್ಬ ಬಂದ. ಕಬ್ಬಿಣದ ಚೂರು ಹೊಕ್ಕು ಅವನ ಕಣ್ಣು ಉಳಿಯುವಂತಿರಲಿಲ್ಲ, ಆದರೆ ಕಾರ್ನಿಯಾ ಚೆನ್ನಾಗಿತ್ತು. 1905ರ ಡಿಸೆಂಬರ್ 7ರಂದು ತೆಗೆದ ಆ ಒಂದೇ ಕಣ್ಣಿನಿಂದ ಎರಡು ಪುಟ್ಟ ಬಿಲ್ಲೆ ಕತ್ತರಿಸಿ ಗ್ಲೋಗರ್‌ನ ಎರಡೂ ಕಣ್ಣಿಗೆ ಕೂರಿಸಿದ. ಬಲಗಣ್ಣಿನದು ನಿಲ್ಲಲಿಲ್ಲ. ಎಡಗಣ್ಣಿನದು ತಿಳಿಯಾಗಿಯೇ ಉಳಿಯಿತು, ಗ್ಲೋಗರ್ ಮತ್ತೆ ದುಡಿಮೆಗೆ ಹೋದ. ಮನುಷ್ಯನಿಂದ ಮನುಷ್ಯನಿಗೆ ಪೂರ್ತಿ ದಪ್ಪದ ಕಾರ್ನಿಯಾ ಕಸಿ ಗೆದ್ದದ್ದು ಅದೇ ಮೊದಲು. ಜಿರ್ಮ್‌ನ ಕೈಚಳಕದ ಜೊತೆ ಅದೃಷ್ಟವೂ ಇತ್ತು ಅನ್ನಬೇಕು: ರಕ್ತನಾಳವಿಲ್ಲದ ಕಾರಣ ಹೊರಗಿನ ಕಾರ್ನಿಯಾವನ್ನು ದೇಹ ಬೇಗ ಗುರುತಿಸಿ ತಳ್ಳುವುದಿಲ್ಲ. ಸುಣ್ಣದಿಂದ ಸುಟ್ಟ ಕಣ್ಣಿಗೆ ಇಂದಿಗೂ ಕಸಿ ಹಿಡಿಯುವುದು ಕಷ್ಟ.

ಆದರೆ ಪ್ರತಿ ಸಲವೂ ಬದುಕಿರುವವರ ಕಣ್ಣಿಗೆ ಕಾಯುವುದು ಹೇಗೆ? ತೀರಿಕೊಂಡವರ ಕಾರ್ನಿಯಾ ಸಾಕೆಂದು 1930ರ ದಶಕದಲ್ಲಿ ಒಡೆಸ್ಸಾದ ವ್ಲಾದಿಮಿರ್ ಫಿಲಾಟೋವ್ ತೋರಿಸಿಕೊಟ್ಟ. ನಾವು ಇಂದು ನೇತ್ರದಾನ ಅನ್ನುವುದು ಹುಟ್ಟಿದ್ದು ಆ ದಾರಿಯಲ್ಲಿ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ನೆನಪಿರಬಹುದು. ಕಾರ್ನಿಯಾವನ್ನು ಪದರವಾಗಿ ಸೀಳಿ, ಮುಂಭಾಗವನ್ನು ಇಬ್ಬರಿಗೆ, ಹಿಂಭಾಗವನ್ನು ಇನ್ನಿಬ್ಬರಿಗೆ ಕೂರಿಸಿದ್ದರು.

ಸುಣ್ಣವಂತೂ ಎಲ್ಲೂ ಹೋಗಿಲ್ಲ. ಎಲೆಯಡಿಕೆ, ತಂಬಾಕಿಗೆ ಇಟ್ಟುಕೊಳ್ಳುವ ಸುಣ್ಣದ ಪೊಟ್ಟಣ ಮಕ್ಕಳ ಕೈಗೆ ಸಿಕ್ಕಿ, ಹಿಸುಕಿದಾಗ ಕಣ್ಣಿಗೆ ಚಿಮ್ಮುತ್ತದೆ. ಆಗ ಎಣ್ಣೆ, ಎದೆಹಾಲು ಹುಡುಕಬೇಡಿ. ರೆಪ್ಪೆ ಬಿಡಿಸಿ ಹಿಡಿದು, ಕನಿಷ್ಠ ಅರ್ಧ ಗಂಟೆ ಶುದ್ಧ ನೀರು ಹಾಯಿಸಿ, ಆಮೇಲೆ ಆಸ್ಪತ್ರೆಗೆ ಓಡಿ.