ಒಕ್ಕಲು: ನಂಟು, ನೆಲೆ, ನೇಗಿಲು

ಹಳಗನ್ನಡದ ‘ಒಕ್ಕಲ್’ ಎಂಬ ಪುಟ್ಟ ಪದದ ಬೆನ್ನು ಹತ್ತಿದರೆ ವಾಸ, ಮನೆ, ಮನೆಯವರು, ಗೇಣಿದಾರ, ಪ್ರಜೆ, ಬೇಸಾಯಗಾರ ಎಂದು ಅದು ನಮ್ಮೆದುರು ಕವಲೊಡೆಯುತ್ತಲೇ ಹೋಗುತ್ತದೆ. ಶಾಸನಗಳಲ್ಲಿ ಬರುವ ತೆಲ್ಲಿಗರ ‘ಐವತ್ತೊಕ್ಕಲು’ ಗಾಣಿಗ ಮನೆತನಗಳ ಲೆಕ್ಕ, ಅಲ್ಲಿ ನೇಗಿಲಿನ ಸುಳಿವಿಲ್ಲ. ದೇವರ ಒಕ್ಕಲೆಂದರೆ ಆ ದೇವರಿಗೆ ತಲೆತಲಾಂತರದಿಂದ ನಡೆದುಕೊಳ್ಳುವ ಕುಲ. ಕರಾವಳಿಯ ಧಣಿಯ ಎದುರು ನಿಂತ ಒಕ್ಕಲು ಗೇಣಿದಾರ, ಅದೇ ಸೀಮೆಯ ‘ಮನೆಯೊಕ್ಕಲು’ ಗೃಹಪ್ರವೇಶ. ಇನ್ನು ಒಕ್ಕಲುತನ, ಒಕ್ಕಲಿಗ ಎಂಬಲ್ಲಿ ಮಾತ್ರ ಪದವು ಪೂರ್ತಿಯಾಗಿ ಹೊಲಕ್ಕಿಳಿದಿದೆ. ಕಣದಲ್ಲಿ ತೆನೆ ಒಕ್ಕುವ ‘ಒಕ್ಕು’ ಧಾತುವೇ ಇದರ ತಾಯಿಯೆಂದು ಕನ್ನಡದ ಕಿವಿಗೆ ತೋರುವುದು ಸಹಜ. ಆದರೆ ತಮಿಳಿನ ‘ಒಕ್ಕಲ್’ ಬಂಧುಬಳಗ, ಕೊಡವರ ‘ಒಕ್ಕ’ ತಂದೆಯ ಕಡೆಯ ಕುಟುಂಬ. ಈ ಸೋದರರೂಪಗಳನ್ನು ಕಂಡಮೇಲೆ ನನ್ನ ಒಲವು ಸ್ಪಷ್ಟ: ಮೊದಲು ನಂಟು, ಅನಂತರ ನೆಲೆ, ಅದರ ಬೆನ್ನಿಗೆ ಬೇಸಾಯ.

ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕದ ನೆಬ್ರಾಸ್ಕಾ ರಾಜ್ಯದತ್ತ ನೋಡೋಣ. 1982ರಲ್ಲಿ ಅಲ್ಲಿಯ ಮತದಾರರು, ಜನರೇ ಸಹಿ ಸಂಗ್ರಹಿಸಿ ಮತಕ್ಕೆ ತಂದಿದ್ದ ‘ಇನಿಶಿಯೇಟಿವ್ 300’ ಎಂಬ ಪ್ರಸ್ತಾವವನ್ನು ಗೆಲ್ಲಿಸಿ, ಕಂಪನಿಗಳು ಕೃಷಿಭೂಮಿ ಕೊಳ್ಳಬಾರದು, ಬೇಸಾಯಕ್ಕೆ ಇಳಿಯಬಾರದು ಎಂದು ರಾಜ್ಯದ ಸಂವಿಧಾನದಲ್ಲೇ ಬರೆಸಿದರು. ಕುಟುಂಬದ ಕಂಪನಿಗೆ ವಿನಾಯಿತಿ ಇತ್ತು. ಅದರ ಷರತ್ತುಗಳನ್ನು ಓದುವಾಗ ನನಗಂತೂ ರೋಮಾಂಚನವಾಗುತ್ತದೆ: ಷೇರುಗಳ ಹೆಚ್ಚಿನ ಪಾಲು ಒಂದೇ ಕುಟುಂಬದವರದಾಗಿರಬೇಕು, ಅವರಲ್ಲೊಬ್ಬರಾದರೂ ಆ ಜಮೀನಿನಲ್ಲೇ ವಾಸವಿರಬೇಕು, ಇಲ್ಲವೇ ಅದರ ದಿನನಿತ್ಯದ ದುಡಿಮೆಯಲ್ಲೂ ಮೇಲ್ವಿಚಾರಣೆಯಲ್ಲೂ ತೊಡಗಿರಬೇಕು. ಕಾಯಿದೆಯ ಭಾಷೆ ಒಂದೊಂದಾಗಿ ಪೋಣಿಸಿದ ನಂಟು, ವಾಸ, ದುಡಿಮೆಗಳನ್ನು ಒಕ್ಕಲು ಎಂಬ ಪದ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ಒಡೆತನ ಕಾಗದದ ಮೇಲೂ ಇರಬಲ್ಲದು. ಒಕ್ಕಲಾಗಲು ಆ ನೆಲದಲ್ಲೇ ಇರಬೇಕು. ಆದರೆ 2006ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಈ ಕಟ್ಟಳೆಯನ್ನು ಅಸಿಂಧುಗೊಳಿಸಿತು. ಹೊರರಾಜ್ಯದವರಿಗೆ ಇದು ತಾರತಮ್ಯವೆಂಬುದು ಅದರ ವಾದ, ಮತ್ತು ಆ ವಾದಕ್ಕೆ ಆಸರೆಯಾದದ್ದು ವಾಸ-ದುಡಿಮೆಯ ಷರತ್ತೇ.

ನಮ್ಮಲ್ಲಿ ಇಂಥ ಜನಮತಗಣನೆಯ ಪದ್ಧತಿಯಿಲ್ಲ. ಆದರೂ 1961ರ ಕರ್ನಾಟಕ ಭೂಸುಧಾರಣಾ ಕಾಯಿದೆಯ 79-ಬಿ ಕಲಮು ಕಂಪನಿಗಳು ಕೃಷಿಭೂಮಿ ಹೊಂದದಂತೆ ತಡೆದಿತ್ತು; 2020ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಅದು ತಪ್ಪು ಹೆಜ್ಜೆಯೆಂದೇ ನನ್ನ ಎಣಿಕೆ. ಪತ್ರಿಕೆಗಳಲ್ಲಿ ಇಂದು ಒಕ್ಕಲು ಎಂಬ ಹಳೆಯ ಪದ ಹೆಚ್ಚಾಗಿ ಕಣ್ಣಿಗೆ ಬೀಳುವುದು ‘ಒಕ್ಕಲೆಬ್ಬಿಸು’ ಎಂಬ ರೂಪದಲ್ಲಿ. ಭೂಮಿಯ ಕಾನೂನು ಬರೆಯುವವರು ಮಾಲೀಕ, ಹಿಡುವಳಿದಾರ ಎಂಬ ಮಾತುಗಳ ಪಕ್ಕದಲ್ಲಿ ಒಕ್ಕಲು ಎಂಬುದನ್ನೂ, ಅದರ ಮೂರೂ ಅರ್ಥಗಳೊಡನೆ, ಮರಳಿ ಕೂರಿಸಲಿ.