ಹಾಡು ಉಳಿಯೋದು ಯಾವ ಫೈಲ್‌ನಲ್ಲಿ?

ಪಾಡ್‌ಕಾಸ್ಟ್ ಶುರು ಮಾಡಿದಾಗಿಂದ ನನಗೆ ಅತಿ ಹೆಚ್ಚು ಬಂದಿರೋ ಮೆಸೇಜ್ ಇದು: "ಮನೇಲೇ ಹಾಡು ರೆಕಾರ್ಡ್ ಮಾಡ್ಬೇಕು ಬ್ರೋ, ಯಾವ ಸಾಫ್ಟ್‌ವೇರ್ ಹಾಕ್ಕೊಳ್ಲಿ? ಯಾವುದ್ರಲ್ಲಿ ಸೌಂಡ್ ಚೆನ್ನಾಗಿ ಬರತ್ತೆ?" ಎರಡನೇ ಪ್ರಶ್ನೆಗೆ ಉತ್ತರ ಚಿಕ್ಕದು. ಟ್ರ್ಯಾಕ್‌ಗಳನ್ನು ಒಂದರ ಮೇಲೊಂದು ಕೂಡಿಸೋ ಲೆಕ್ಕ ಎಲ್ಲ ಸಾಫ್ಟ್‌ವೇರ್‌ನಲ್ಲೂ ಹೆಚ್ಚುಕಡಿಮೆ ಒಂದೇ. ಸೌಂಡ್ ಇರೋದು ಮೈಕ್‌ನಲ್ಲಿ, ಕೋಣೆಯಲ್ಲಿ, ಹಾಡೋರ ಗಂಟಲಲ್ಲಿ. ಮೊದಲನೇ ಪ್ರಶ್ನೆಗೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

1982ರ ಜನವರಿ. ಅಮೆರಿಕದ ನ್ಯೂಜೆರ್ಸಿಯಲ್ಲಿ ಕೋಲ್ಟ್ಸ್ ನೆಕ್ ಅನ್ನೋ ಊರು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಬಾಡಿಗೆ ಮನೆಯ ಬೆಡ್‌ರೂಮಲ್ಲಿ ಒಂದು ಯಂತ್ರ ಇಟ್ಕೊಂಡು ಕೂತಿದ್ದಾನೆ. ಅದು ಟೀಆಕ್ ಕಂಪನಿ 1979ರಲ್ಲಿ ತಂದ ಪೋರ್ಟಾಸ್ಟುಡಿಯೋ 144. ಮಾಮೂಲಿ ಕ್ಯಾಸೆಟ್ ಟೇಪಿನಲ್ಲಿ ಎ ಸೈಡ್‌ಗೆ ಎರಡು, ಬಿ ಸೈಡ್‌ಗೆ ಎರಡು, ಒಟ್ಟು ನಾಲ್ಕು ಟ್ರ್ಯಾಕ್ ಇರ್ತವೆ. ಈ ಯಂತ್ರ ನಾಲ್ಕನ್ನೂ ಒಂದೇ ದಿಕ್ಕಿಗೆ ಬಳಸಿತು, ಟೇಪನ್ನು ಎರಡರಷ್ಟು ವೇಗದಲ್ಲಿ ಓಡಿಸಿತು. ಮೊದಲು ಗಿಟಾರ್ ಹಿಡಿದು ಹಾಡು. ಆಮೇಲೆ ಅದನ್ನ ಕೇಳ್ತಾ ಇನ್ನೊಂದು ದನಿ, ಹಾರ್ಮೋನಿಕಾ. ಅಷ್ಟೇ.

ಅವನ ಮಟ್ಟಿಗೆ ಅದು ಬರೀ ಡೆಮೋ. ಕ್ಯಾಸೆಟ್ಟನ್ನ ಡಬ್ಬಿ ಕೂಡ ಇಲ್ಲದೆ ಜೇಬಲ್ಲಿ ಇಟ್ಕೊಂಡು ಓಡಾಡಿದ್ದ. ಆಮೇಲೆ ಬ್ಯಾಂಡ್ ಸಮೇತ ದೊಡ್ಡ ಸ್ಟುಡಿಯೋದಲ್ಲಿ ಅದೇ ಹಾಡುಗಳನ್ನ ರೆಕಾರ್ಡ್ ಮಾಡಿ ನೋಡಿದ್ರೆ, ಬೆಡ್‌ರೂಮಿನ ಆ ಗುಣ ಬರಲೇ ಇಲ್ಲ. ಕೊನೆಗೆ ಆ ಕ್ಯಾಸೆಟ್ಟೇ 'ನೆಬ್ರಾಸ್ಕಾ' ಆಲ್ಬಮ್ ಆಯ್ತು. 2025ರಲ್ಲಿ ಇದರ ಮೇಲೆ ಸಿನಿಮಾನೇ ಬಂತು.

ಕಂಪ್ಯೂಟರ್ ಈ ಕೆಲಸಕ್ಕೆ ಇಳಿದದ್ದು ನಿಧಾನಕ್ಕೆ. 1983ರಲ್ಲಿ ಮಿಡಿ ಬಂತು. ಬೇರೆಬೇರೆ ಕಂಪನಿಯ ಕೀಬೋರ್ಡ್‌ಗಳು ಒಂದಕ್ಕೊಂದು ಮಾತಾಡೋ ಭಾಷೆ ಅದು. 1985ರ ಅಟಾರಿ ಎಸ್‌ಟಿ ಕಂಪ್ಯೂಟರ್‌ನಲ್ಲಿ ಮಿಡಿ ವೈರ್ ಚುಚ್ಚೋ ಜಾಗ ಕಂಪನಿಯಿಂದಲೇ ಇತ್ತು, ಹಾಗಾಗಿ ಜರ್ಮನಿಯ ಸ್ಟೈನ್‌ಬರ್ಗ್ 1989ರಲ್ಲಿ ಕ್ಯೂಬೇಸನ್ನ ಅದಕ್ಕೇ ಬರೆಯಿತು. ಆದರೆ ಅದು ಬರೀ ಸ್ವರದ ಸೂಚನೆ ಬರೆದಿಟ್ಕೊಳ್ತಿತ್ತು, ನಿಮ್ಮ ದನಿಯನ್ನಲ್ಲ. ದನಿಯನ್ನೇ ಹಿಡಿಯೋ ಪ್ರೋ ಟೂಲ್ಸ್ 1991ರಲ್ಲಿ ಬಂದಾಗ ಅದರಲ್ಲಿ ಇದ್ದದ್ದು ನಾಲ್ಕೇ ಟ್ರ್ಯಾಕ್, ಬೆಲೆ ಸುಮಾರು 6,000 ಡಾಲರ್. ಬಿ.ಕಾಂ ಓದಿದವನಿಗೆ ಇಲ್ಲಿ ನಗು ಬರತ್ತೆ. ಅಷ್ಟೇ ನಾಲ್ಕು ಟ್ರ್ಯಾಕ್ ಸಾವಿರ ಡಾಲರ್ ಆಸುಪಾಸಿನ ಕ್ಯಾಸೆಟ್ ಯಂತ್ರದಲ್ಲೂ ಇತ್ತಲ್ಲ!

ಈಗ ನನಗೆ ಮುಖ್ಯ ಅನ್ಸೋ ಭಾಗ. ಇಮ್ಯಾಜಿಕ್ ಅಂತ ಇನ್ನೊಂದು ಜರ್ಮನ್ ಕಂಪನಿ ಲಾಜಿಕ್ ಅನ್ನೋ ಸಾಫ್ಟ್‌ವೇರನ್ನ ಮ್ಯಾಕ್‌ಗೂ ವಿಂಡೋಸ್‌ಗೂ ಮಾರ್ತಿತ್ತು. 2002ರ ಜುಲೈನಲ್ಲಿ ಆಪಲ್ ಆ ಕಂಪನಿಯನ್ನ ಕೊಂಡುಕೊಂಡಿತು. ವಿಂಡೋಸ್ ಆವೃತ್ತಿ ಸೆಪ್ಟೆಂಬರ್ 30ಕ್ಕೆ ಬಂದ್ ಅಂತ ಆಗಲೇ ಹೇಳಿಬಿಟ್ಟಿತು. ಇಮ್ಯಾಜಿಕ್ ಆದಾಯದಲ್ಲಿ ಶೇ 65ಕ್ಕೂ ಹೆಚ್ಚು ಮ್ಯಾಕ್‌ನಿಂದ ಬರ್ತಿತ್ತು, ಉಳಿದದ್ದನ್ನ ಬಿಟ್ಟರೂ ಲೆಕ್ಕ ಕೂಡಿ ಬರತ್ತೆ. ಆಪಲ್ ಮಾರ್ತಿದ್ದದ್ದು ಕಂಪ್ಯೂಟರ್, ಲಾಜಿಕ್ ಅದಕ್ಕೆ ಗಿರಾಕಿ ತರೋ ದಾರಿ. 2004ರಲ್ಲಿ ಹೊಸ ಮ್ಯಾಕ್ ಜೊತೆ ಪುಕ್ಕಟೆ ಬಂದ ಗ್ಯಾರೇಜ್‌ಬ್ಯಾಂಡ್ ಹಿಂದೆಯೂ ಇದೇ ಇಮ್ಯಾಜಿಕ್ ಜನ ಇದ್ದರು. ಆದರೆ ವಿಂಡೋಸ್ ಲಾಜಿಕ್‌ನಲ್ಲಿ ಅರ್ಧ ಮಾಡಿಟ್ಟ ಹಾಡುಗಳಿಗೆ ವಿಂಡೋಸ್‌ನಲ್ಲಿ ಮುಂದೆ ದಾರಿ ಇರಲಿಲ್ಲ.

ಕೇಕ್‌ವಾಕ್ ಕಥೆ ಇನ್ನೂ ವಿಚಿತ್ರ. 1987ರಿಂದ ಇದ್ದ ಸಾಫ್ಟ್‌ವೇರ್ ಅದು. 2013ರಲ್ಲಿ ಗಿಟಾರ್ ಕಂಪನಿ ಗಿಬ್ಸನ್ ಕೈ ಸೇರಿತು. 2016ರಲ್ಲಿ "ಒಮ್ಮೆ ದುಡ್ಡು ಕೊಡಿ, ಜೀವನಪೂರ್ತಿ ಅಪ್‌ಡೇಟ್" ಅನ್ನೋ ಆಫರ್ ಬಂತು. 2017ರ ನವೆಂಬರ್‌ನಲ್ಲಿ ಗಿಬ್ಸನ್ ಅದರ ಕೆಲಸವನ್ನೇ ನಿಲ್ಲಿಸಿತು. ಯಾರ ಜೀವನಪೂರ್ತಿ ಅಂತ ಗಿರಾಕಿ ಕೇಳೋದು ಮರೆತಿದ್ದ, ಅಷ್ಟೇ! ಮುಂದಿನ ವರ್ಷ ಸಿಂಗಪುರದ ಬ್ಯಾಂಡ್‌ಲ್ಯಾಬ್ ಅದನ್ನ ಕೊಂಡು ಉಚಿತವಾಗಿ ಕೊಟ್ಟಿತು. ಹಾಗಂತ ಇಂಥ ಮಾತೆಲ್ಲ ಸುಳ್ಳು ಅಂತಲ್ಲ. ಬೆಲ್ಜಿಯಂನ ಎಫ್‌ಎಲ್ ಸ್ಟುಡಿಯೋ ಇದೇ ಮಾತನ್ನ ಇಪ್ಪತ್ತು ವರ್ಷಕ್ಕೂ ಮೇಲೆ ನಡೆಸ್ಕೊಂಡು ಬಂದಿದೆ.

ನನ್ನದೂ ಒಂದಿದೆ. ಕಾಲೇಜಲ್ಲಿದ್ದಾಗ ನಾನೂ ನನ್ನ ಗೆಳೆಯನೂ ಹಾಸ್ಟೆಲ್ ರೂಮಲ್ಲಿ ಆರು ಹಾಡು ಮಾಡಿದ್ವಿ, ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್‌ನಲ್ಲಿ. ಪ್ರಾಜೆಕ್ಟ್ ಫೈಲ್‌ಗಳು ಹಾರ್ಡ್‌ಡಿಸ್ಕ್‌ನಲ್ಲಿ ಈಗಲೂ ಇವೆ, ತೆರೆಯಲ್ಲ. ಉಳಿದಿರೋದು ವಾಟ್ಸಾಪ್‌ನಲ್ಲಿ ಕಳಿಸಿದ್ದ ಎಂಪಿ3. ಅದರಲ್ಲಿ ನನ್ನ ಕೀಬೋರ್ಡ್ ಜೋರು, ಅವನ ದನಿ ಕೆಳಗೆ ಮುಳುಗಿಹೋಗಿದೆ. ಆಗ ಅದೇ ಸರಿ ಅನ್ನಿಸಿತ್ತು. ಈಗ ಅವನು ಹಾಡೋದೇ ಬಿಟ್ಟಿದ್ದಾನೆ, ನನಗೆ ಕೀಬೋರ್ಡ್ ಒಂಚೂರು ತಗ್ಗಿಸೋಕೂ ಆಗ್ತಿಲ್ಲ.

ಹಾಗಾಗಿ ನಾನೀಗ ಸಾಫ್ಟ್‌ವೇರ್ ನೋಡೋ ರೀತಿ ಬೇರೆ. ಇದನ್ನ ಯಾರು ಮಾಡ್ತಾರೆ, ಅವರ ದುಡ್ಡು ಎಲ್ಲಿಂದ ಬರತ್ತೆ, ನಾನು ಬಿಟ್ಟು ಹೋಗ್ಬೇಕಂದ್ರೆ ನನ್ನ ಟ್ರ್ಯಾಕ್‌ಗಳು ನನ್ನ ಜೊತೆ ಬರ್ತವಾ? ಲ್ಯಾಪ್‌ಟಾಪ್ ಇದ್ದರೆ ನನ್ನ ಓಟು ರೀಪರ್‌ಗೆ. ವಿನ್ಆ್ಯಂಪ್ ಬರೆದ ಜಸ್ಟಿನ್ ಫ್ರಾಂಕಲ್‌ದೇ ಅದು. 60 ದಿನ ಪುಕ್ಕಟೆ, ಆಮೇಲೆ ಮನೆ ಬಳಕೆಗೆ 60 ಡಾಲರ್. ಅದರ ಪ್ರಾಜೆಕ್ಟ್ ಫೈಲನ್ನ ನೋಟ್‌ಪ್ಯಾಡ್‌ನಲ್ಲೇ ತೆರೆದು ಓದಬಹುದು, ಬರೀ ಅಕ್ಷರ! ನೋಡೋಕೆ ಚೆಂದ ಇಲ್ಲ, ಒಪ್ಕೋತೀನಿ. ಒಬ್ಬರ ಮಾತು ರೆಕಾರ್ಡ್ ಮಾಡಿ ಕತ್ತರಿಸೋಕಾದ್ರೆ 2000ದಿಂದ ಉಚಿತವಾಗಿ ಸಿಗ್ತಿರೋ ಆಡಾಸಿಟಿ ಧಾರಾಳ ಸಾಕು.

ಫೋನ್ ಮಾತ್ರ ಇದ್ದರೆ? ಸ್ಟೀವ್ ಲೇಸಿ ತನ್ನ ಐಫೋನ್ ಗ್ಯಾರೇಜ್‌ಬ್ಯಾಂಡ್‌ನಲ್ಲಿ ಶುರು ಮಾಡಿದ ಟ್ಯೂನು 2017ರಲ್ಲಿ ಕೆಂಡ್ರಿಕ್ ಲಮಾರ್ ಆಲ್ಬಮ್ಮಿಗೆ ಹೋಯ್ತು. ಆಂಡ್ರಾಯ್ಡ್‌ನಲ್ಲಿ ಬ್ಯಾಂಡ್‌ಲ್ಯಾಬ್ ಸಿಗತ್ತೆ. ಆದರೆ ಅಲ್ಲಿ ನಿಮ್ಮ ಹಾಡು ಇರೋದು ಅವರ ಸರ್ವರ್‌ನಲ್ಲಿ, ನೆನಪಿರಲಿ.

ಯಾವುದೇ ಹಾಕ್ಕೊಳ್ಳಿ, ಹಾಡು ಮುಗಿದ ದಿನ ಪ್ರತಿ ಟ್ರ್ಯಾಕನ್ನೂ ಸೊನ್ನೆ ಸೆಕೆಂಡಿನಿಂದ ಕೊನೆವರೆಗೆ ಬೇರೆಬೇರೆ ವೇವ್ ಫೈಲ್ ಮಾಡಿ ಎತ್ತಿಡಿ. ದನಿ ಒಂದು, ಗಿಟಾರ್ ಒಂದು, ತಬಲಾ ಒಂದು. ವೇವ್ ಅನ್ನೋದು 1991ರಲ್ಲಿ ಮೈಕ್ರೋಸಾಫ್ಟ್ ಮತ್ತು ಐಬಿಎಂ ಸೇರಿ ಮಾಡಿದ ಫಾರ್ಮ್ಯಾಟ್, ನಾನು ಮೇಲೆ ಹೆಸರು ಹೇಳಿದ ಇವತ್ತಿನ ಎಲ್ಲ ಸಾಫ್ಟ್‌ವೇರೂ ಅದನ್ನ ತೆರೆಯತ್ತೆ. ಜಾಗ ಜಾಸ್ತಿ ತಿನ್ನತ್ತೆ, ನಿಜ. ಒಂದು ಪೆನ್‌ಡ್ರೈವ್ ತಗೊಳ್ಳಿ.

ಗೆಳೆಯನಿಗೆ ಹೋದ ವಾರ ಫೋನ್ ಮಾಡಿದ್ದೆ. ಆ ಆರರಲ್ಲಿ ಒಂದನ್ನಾದ್ರೂ ಮತ್ತೆ ಹಾಡು ಅಂದೆ. ಪಲ್ಲವಿ ನೆನಪಿದೆ, ಚರಣ ಮರೆತೋಗಿದೆ ಕಣೋ, ಆ ಎಂಪಿ3 ಕಳಿಸು, ಕೇಳಿ ಬರ್ಕೋತೀನಿ ಅಂದ.