ಫಾರ್ಮ್ಯಾಟ್ ಸ್ಟ್ರಿಂಗ್ ಯಾರ ಕೈಯಲ್ಲಿರಬೇಕು?

ಸಾಸ್ತಾನದ ನಮ್ಮ ಮನೆಗೆ ಕೋಟ, ಸಾಲಿಗ್ರಾಮದ ಕಡೆಯ ಹುಡುಗರು ಸಿ ಕಲಿಯಲು ಬರುತ್ತಾರೆ. ಬಳಕೆದಾರ ಟೈಪಿಸಿದ ಹೆಸರನ್ನು ಮುದ್ರಿಸುವ ಪ್ರಿಂಟ್‌ಎಫ್‌ಗೆ ನೇರವಾಗಿ ಕೊಡಬೇಡಿ, ಮೊದಲು ‘%ಎಸ್’ ಬರೆದು ಆಮೇಲೆ ಹೆಸರು ಕೊಡಿ ಅಂದರೆ, “ಎಂತಕ್ಕೆ ಸರ್, ಹಾಂಗೇ ಬರೆದ್ರೂ ಬತ್ತಲ್ದಾ?” ಎಂದು ಕೇಳುತ್ತಾರೆ. ಬರುತ್ತದೆ, ನಿಜ. ದೊಡ್ಡ ದೊಡ್ಡ ಪ್ರೋಗ್ರಾಮರುಗಳೂ ಬಹಳ ಕಾಲ ಹಾಗೇ ಬರೆದರು.

1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಸಿ ಭಾಷೆ ಕಟ್ಟಿದಾಗ ಪ್ರಿಂಟ್‌ಎಫ್ ಅದರ ಹಿಂದಿನ ಬಿ ಭಾಷೆಯಿಂದ ಬಂತು. ಅದಕ್ಕೆ ಮೊದಲು ಕೊಡುವ ಸಾಲೇ ಫಾರ್ಮ್ಯಾಟ್ ಸ್ಟ್ರಿಂಗ್. ಆ ಸಾಲಿನಲ್ಲಿ ಎಷ್ಟು % ಇವೆಯೋ ಅಷ್ಟು ಮೌಲ್ಯ ಕೊಟ್ಟಿದ್ದಾರೆಂದು ಅದು ನಂಬುತ್ತದೆ, ಎಣಿಸಿ ನೋಡುವುದಿಲ್ಲ. ಹೆಸರಿನ ಬದಲು ಯಾರಾದರೂ ‘%ಎಕ್ಸ್ %ಎಕ್ಸ್’ ಎಂದು ಬರೆದರೆ ಸ್ಟ್ಯಾಕ್‌ನಲ್ಲಿದ್ದದ್ದು ಹೊರಬೀಳುತ್ತದೆ. ‘%ಎನ್’ ಅಂತೂ ಅದುವರೆಗೆ ಮುದ್ರಿಸಿದ ಅಕ್ಷರಗಳ ಲೆಕ್ಕವನ್ನು ಮೆಮೊರಿಗೇ ಬರೆಯುತ್ತದೆ. 1999ರಲ್ಲಿ ಪ್ರೊಎಫ್‌ಟಿಪಿಡಿ ಎಂಬ ಎಫ್‌ಟಿಪಿ ಸರ್ವರ್ ತಂತ್ರಾಂಶದಲ್ಲಿ ಈ ದೋಷ ಬಯಲಾಯಿತು. ಮರುವರ್ಷ ಇದೇ ದೋಷದಿಂದ, ಅಂಥದೇ ತಂತ್ರಾಂಶವಾದ ಡಬ್ಲ್ಯೂಯು-ಎಫ್‌ಟಿಪಿಡಿ ಇದ್ದ ಸರ್ವರುಗಳ ಪೂರ್ತಿ ಹಿಡಿತವನ್ನು ದೂರದಿಂದಲೇ ಕಸಿಯುವುದು ಸಾಧ್ಯವಾಯಿತು. ಈಗ ಜಿಸಿಸಿ ಕಂಪೈಲರಿಗೆ ಹೇಳಿದರೆ ಇಂಥ ಸಾಲು ಕಂಡಲ್ಲಿ ಎಚ್ಚರಿಸುತ್ತದೆ.

ಆದರೂ ಫಾರ್ಮ್ಯಾಟ್ ಸ್ಟ್ರಿಂಗನ್ನು ಹೊರಗಿನವರ ಕೈಗೆ ಕೊಡಲೇಬೇಕಾದ ಕೆಲಸವೊಂದಿದೆ: ಅನುವಾದ. ಗ್ನೋಮ್‌ನಂಥ ಮುಕ್ತ ತಂತ್ರಾಂಶ ಕನ್ನಡಕ್ಕೆ ಬಂದದ್ದೇ ಅನುವಾದದ ಸಾಲುಗಳನ್ನಿಡುವ ಪಿಒ ಕಡತಗಳ ಮೂಲಕ. ಫೋಲ್ಡರಿನಲ್ಲಿ ಎಷ್ಟು ಕಡತಗಳಿವೆ ಎಂದು ಹೇಳುವ ಸಾಲನ್ನೇ ನೋಡಿ: ಇಂಗ್ಲಿಷಿನಲ್ಲಿ ಕಡತಗಳ ಸಂಖ್ಯೆ ಮೊದಲು, ಫೋಲ್ಡರಿನ ಹೆಸರು ಆಮೇಲೆ. ನಾವೋ ‘ಚಿತ್ರಗಳು ಫೋಲ್ಡರಿನಲ್ಲಿ 12 ಕಡತಗಳಿವೆ’ ಅನ್ನುವವರು. ಅದಕ್ಕಾಗಿ ‘%ಡಿ’, ‘%ಎಸ್’ಗಳನ್ನು ಸುಮ್ಮನೆ ಅದಲುಬದಲು ಮಾಡಿದರೆ, ಪ್ರಿಂಟ್‌ಎಫ್ 12 ಅನ್ನೇ ಹೆಸರು ಇಟ್ಟಿರುವ ವಿಳಾಸವೆಂದು ತಿಳಿದು ಮೆಮೊರಿಯ 12ನೇ ವಿಳಾಸಕ್ಕೆ ಕೈಹಾಕುತ್ತದೆ, ಪ್ರೋಗ್ರಾಂ ಅಲ್ಲೇ ಸತ್ತುಬೀಳುತ್ತದೆ. ‘%2$ಎಸ್’, ‘%1$ಡಿ’ ಎಂದು ಕ್ರಮಸಂಖ್ಯೆ ಸೇರಿಸಿ ಬರೆದರೆ ತೊಂದರೆಯಿಲ್ಲ. ಸಿ ಭಾಷೆಯ ಐಎಸ್‌ಒ ಮಾನಕದಲ್ಲಿ ಇಲ್ಲದ ಈ ಅನುಕೂಲವನ್ನು ಯುನಿಕ್ಸ್‌ನವರು ಕೊಟ್ಟರು. ಕ್ರಿಯಾಪದವನ್ನು ಕೊನೆಗಿಡುವ ನಮ್ಮಂಥವರಿಗೆ ಅದು ದೊಡ್ಡ ಉಪಕಾರವೇ ಸರಿ.

1990ರ ದಶಕದ ಅನುವಾದ ಸಲಕರಣೆ ಗ್ನೂ ಗೆಟ್‌ಟೆಕ್ಸ್ಟ್ ಇಂಥ ಸಾಲುಗಳಿಗೆ ‘ಸಿ-ಫಾರ್ಮ್ಯಾಟ್’ ಎಂದು ಗುರುತು ಹಾಕಿಡುತ್ತದೆ. ಅದರದೇ ಎಂಎಸ್‌ಜಿಎಫ್‌ಎಂಟಿಯನ್ನು ‘-ಸಿ’ ಸೇರಿಸಿ ಓಡಿಸಿದರೆ ಮೂಲದ %ಗಳನ್ನೂ ಅನುವಾದದ %ಗಳನ್ನೂ ತಾಳೆ ನೋಡಿ ತಪ್ಪು ತೋರಿಸುತ್ತದೆ. ಅನುವಾದಕ್ಕೆ ಕೈಹಾಕುವ ಹುಡುಗರಿಗೆ ಇದನ್ನು ಮೊದಲ ದಿನವೇ ಕಲಿಸುತ್ತೇನೆ. ಏಕೆಂದರೆ ಕಂಪೈಲರಿಗೆ ಕಾಣುವುದು ಇಂಗ್ಲಿಷ್ ಮೂಲ ಮಾತ್ರ; ಕನ್ನಡದ ಸಾಲು ಬಂದು ಸೇರುವುದು ಪ್ರೋಗ್ರಾಂ ಓಡುವಾಗ.